ಸೋಲಾರ್ ಹಂಚಿನ ಚಾವಣಿ: ಪೂರ್ತಿ ಬಿಲ್‌ಗೆ ತೆರಿಗೆ ಕ್ರೆಡಿಟ್ ಸಿಗುತ್ತಾ?

ಮಾಳಿಗೆಮನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಸ್ವಂತ ಮನೆ ಇರುವವರು, ತೆರಿಗೆ ಲೆಕ್ಕ ಬಲ್ಲವರು ಸ್ವಲ್ಪ ದಾರಿ ತೋರಿಸಿ.

ನಮ್ಮ ಚಾವಣಿ ಹಳೆಯದಾಗಿತ್ತು, ಎರಡು ಕಡೆ ಸೋರುತ್ತಿತ್ತು. ಹೇಗೂ ಪೂರ್ತಿ ಬಿಚ್ಚಿ ಹೊಸದು ಹಾಕಿಸಲೇಬೇಕು. ಹೊಸ ಚಾವಣಿ ಹಾಕಿಸಿ ಅದರ ಮೇಲೆ ಮತ್ತೆ ಪ್ಯಾನೆಲ್ ಕೂರಿಸುವ ಬದಲು ಹಂಚೇ ಕರೆಂಟ್ ಮಾಡಲಿ ಅಂತ ಸೋಲಾರ್ ಹಂಚು ಆರಿಸಿಕೊಂಡೆವು. ಮಾರಲು ಬಂದವರು ನಮ್ಮ ಮೇಜಿನ ಮೇಲೆ ಟ್ಯಾಬ್ ಇಟ್ಟು ಲೆಕ್ಕ ತೋರಿಸಿದರು. ಒಟ್ಟು ಖರ್ಚು 100 ಅಂದುಕೊಳ್ಳಿ. ಅದರಲ್ಲಿ 30 ಸರ್ಕಾರದಿಂದ ವಾಪಸ್. ನಿಮ್ಮ ಕೈಯಿಂದ ಹೋಗುವುದು 70 ಮಾತ್ರ. ಸಾಲದ ಕಂತನ್ನೂ ಆ 70ರ ಮೇಲೆಯೇ ತೋರಿಸಿದ್ದರು. ನಾವು ಹೂಂ ಅಂದೆವು.

ಈಗ ರಿಟರ್ನ್ ತುಂಬುವ ಸಮಯ. ನಮ್ಮ ಟ್ಯಾಕ್ಸ್ ನೋಡಿಕೊಳ್ಳುವವರು "ಚಾವಣಿಯ ಪೂರ್ತಿ ಖರ್ಚಿಗೆ ಕ್ರೆಡಿಟ್ ಬರಲ್ಲ" ಅಂತಾರೆ. ಮಾರಿದವರಿಗೆ ಫೋನ್ ಮಾಡಿದರೆ "ಬರುತ್ತೆ, ನಮ್ಮ ಗಿರಾಕಿಗಳೆಲ್ಲ ತಗೊಂಡಿದ್ದಾರೆ" ಅಂತಾರೆ. ಯಾರ ಮಾತು ಸರಿ?

ಲೆಕ್ಕಿಗ

ನಿಮ್ಮ ಟ್ಯಾಕ್ಸ್‌ನವರ ಮಾತು ಸರಿ. ನೀವು ಕೇಳುತ್ತಿರುವುದು ಅಮೆರಿಕದ ತೆರಿಗೆ ಕಾನೂನಿನ ಸೆಕ್ಷನ್ 25ಡಿ ಅಡಿ ಬರುವ ಕ್ರೆಡಿಟ್. ಅದು ಚಾವಣಿಗೆ ಕೊಡುವ ದುಡ್ಡಲ್ಲ, ಕರೆಂಟ್ ತಯಾರಿಸುವ ಸಾಮಾನಿಗೆ ಕೊಡುವ ದುಡ್ಡು. ಸೋಲಾರ್ ಹಂಚು ಎರಡೂ ಕೆಲಸ ಮಾಡುವುದರಿಂದ ಗೊಂದಲ ಆಗುತ್ತದೆ.

ಕಾನೂನು ಈ ಗೊಂದಲವನ್ನು ಒಂದು ಸಾಲಿನಲ್ಲಿ ಬಿಡಿಸಿದೆ. ಸೋಲಾರ್ ಸಾಮಾನು ಮನೆಯ ಚಾವಣಿಯೂ ಆಗಿದೆ ಎನ್ನುವ ಒಂದೇ ಕಾರಣಕ್ಕೆ ಕ್ರೆಡಿಟ್ ತಪ್ಪಿಸುವಂತಿಲ್ಲ. ಅಂದರೆ ಕರೆಂಟ್ ಕೊಡುವ ಹಂಚಿಗೆ ಬರುತ್ತದೆ. ಆದರೆ ಅದರ ಕೆಳಗಿನ ಮರದ ತೊಲೆ, ಹಲಗೆ, ಮಾಮೂಲಿ ಹೊದಿಕೆ, ಇವೆಲ್ಲ ಸೋಲಾರ್ ಇಲ್ಲದಿದ್ದರೂ ಬೇಕಾಗುವ ವಸ್ತು. ಅವಕ್ಕೆ ಬರಲ್ಲ.

ಬಿಲ್‌ನಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿ ಬಿಡಿಯಾಗಿ ಇದೆಯಾ?

ಮಾಳಿಗೆಮನೆ

ಇಲ್ಲ. "ಸೋಲಾರ್ ಚಾವಣಿ, ಪೂರ್ಣ" ಅಂತ ಒಂದೇ ಸಾಲು. ಅದರ ಕೆಳಗೆ ಮೊತ್ತ.

ಇನ್ವರ್ಟರ್ ಅಣ್ಣ

ಅಯ್ಯೋ, ಈ ಒಂದು ಸಾಲಿನ ಬಿಲ್ ನೋಡಿ ನೋಡಿ ಸಾಕಾಗಿದೆ. ನಾನು ಇದೇ ಕೆಲಸದಲ್ಲಿ ಇರುವವನು, ಅದಕ್ಕೇ ಹೇಳ್ತಿದೀನಿ.

ನಿಮ್ಮ ಚಾವಣಿ ಮೇಲಿರುವ ಹಂಚೆಲ್ಲ ಕರೆಂಟ್ ಮಾಡಲ್ಲ ಅನ್ನೋದು ನಿಮಗೆ ಗೊತ್ತಾ? ಕೆಳಗೆ ನಿಂತು ನೋಡಿದರೆ ಎಲ್ಲ ಒಂದೇ ಥರ ಕಾಣುತ್ತದೆ. ಹಾಗೆ ಕಾಣಲಿ ಅಂತಲೇ ಮಾಡಿರುವುದು. ಆದರೆ ಅಂಚಿನಲ್ಲಿ, ಮೂಲೆಯಲ್ಲಿ, ಹೊಗೆಗೂಡಿನ ಸುತ್ತ, ನೆರಳು ಬೀಳುವ ಕಡೆ ಹಾಕುವುದು ಅದೇ ಬಣ್ಣದ ಸಾದಾ ಹಂಚು. ಅದರೊಳಗೆ ಬಿಸಿಲನ್ನು ಕರೆಂಟ್ ಮಾಡುವ ಸೆಲ್ ಇರಲ್ಲ, ತಂತಿ ಇರಲ್ಲ. ಬೇಕಾದ ಅಳತೆಗೆ ಕತ್ತರಿಸಬಹುದು. ಸೆಲ್ ಇರುವ ಹಂಚನ್ನು ಕತ್ತರಿಸೋಕಾಗಲ್ಲ. ಹಾಗಾಗಿ ಚಾವಣಿಗೆ ತಿರುವು, ಮೂಲೆ ಜಾಸ್ತಿ ಇದ್ದಷ್ಟೂ ಸಾದಾ ಹಂಚು ಜಾಸ್ತಿ.

ಕಂಪನಿಗೆ ಪತ್ರ ಬರೆಯಿರಿ. ನಾಲ್ಕು ಅಂಕಿ ಕೇಳಿ: ಸೆಲ್ ಇರುವ ಹಂಚು ಮತ್ತು ಅದರ ಕೂಲಿ, ಇನ್ವರ್ಟರ್ ಮತ್ತು ಬ್ಯಾಟರಿ, ಸಾದಾ ಹಂಚು, ಹಳೆಯದನ್ನು ಬಿಚ್ಚಿ ಹೊಸ ಹಾಸು ಹಾಕಿದ ಖರ್ಚು. ಅವರ ಡಿಸೈನ್ ಹಾಳೆಯಲ್ಲಿ ಈ ಲೆಕ್ಕ ಇದ್ದೇ ಇರುತ್ತದೆ. ಇಲ್ಲ ಅಂದರೆ ನಂಬಬೇಡಿ.

ಬಿಸಿಲುಗುದುರೆ

ಎಲ್ಲ ಕಡೆ ಇದೇ ಕಥೆ. ಮೂಗಿಗೆ ತುಪ್ಪ ಸವರಿ ಸಹಿ ಹಾಕಿಸಿಕೊಳ್ಳುವುದು. "30 ವಾಪಸ್" ಅನ್ನುವ ಮಾತೇ ಸುಳ್ಳು. ಅದು ವಾಪಸ್ ಬರುವ ದುಡ್ಡಲ್ಲ. ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಅಷ್ಟೇ. ತೆರಿಗೆಯೇ ಇಲ್ಲದವರಿಗೆ ಕಡಿತ ಎಲ್ಲಿಂದ?

ನನ್ನ ಭಾವ ನಿವೃತ್ತರು. ಆದಾಯ ಕಡಿಮೆ, ತೆರಿಗೆಯೂ ಅಷ್ಟಕ್ಕಷ್ಟೇ. ಅವರಿಗೂ ಇದೇ 30ರ ಪಾಠ ಮಾಡಿ ಮಾರಿದ್ದಾರೆ. ಮೊದಲ ವರ್ಷ ಅವರಿಗೆ ಸಿಕ್ಕಿದ್ದು 4. ಉಳಿದದ್ದು ಮುಂದಿನ ವರ್ಷಕ್ಕೆ ಹೋಗುತ್ತದೆ ಅಂತ ಕಾನೂನು ಹೇಳುತ್ತದೆ, ನಿಜ. ಆದರೆ ಮುಂದಿನ ವರ್ಷವೂ ಅವರ ತೆರಿಗೆ ಅಷ್ಟೇ ತಾನೇ?

ಲೆಕ್ಕಿಗ

ಬಿಸಿಲುಗುದುರೆ ಅವರ ಮಾತಲ್ಲಿ ಖಾರ ಜಾಸ್ತಿ, ಆದರೆ ವಿಷಯ ಸರಿ. ಇಲ್ಲಿ ಮೂರು ಪದಗಳನ್ನು ಜನ ಒಂದೇ ಥರ ಬಳಸುತ್ತಾರೆ.

ಡಿಡಕ್ಷನ್ ಅಂದರೆ ಆದಾಯದಲ್ಲಿ ಕಳೆಯುವುದು. 100 ಕಳೆದರೆ ನಿಮಗೆ ಉಳಿಯುವುದು ಆ 100ರ ಮೇಲೆ ಬೀಳುತ್ತಿದ್ದ ತೆರಿಗೆ ಮಾತ್ರ. ಕ್ರೆಡಿಟ್ ಅಂದರೆ ತೆರಿಗೆಯಲ್ಲೇ ಕಳೆಯುವುದು, ಹಾಗಾಗಿ ಅದು ದೊಡ್ಡದು. ಸಬ್ಸಿಡಿ ಅಂದರೆ ತೆರಿಗೆ ಇರಲಿ ಬಿಡಲಿ, ಕೈಗೆ ಬರುವ ದುಡ್ಡು. ಮಾರುವವರು ಕ್ರೆಡಿಟ್ ತೋರಿಸಿ ಸಬ್ಸಿಡಿಯ ಭಾಷೆಯಲ್ಲಿ ಮಾತಾಡುತ್ತಾರೆ. ತಂಟೆ ಶುರುವಾಗುವುದು ಅಲ್ಲಿ.

ಇನ್ನೊಂದು. ವಿದ್ಯುತ್ ಕಂಪನಿ ಏನಾದರೂ ಸಹಾಯಧನ ಕೊಟ್ಟಿದ್ದರೆ ಅದನ್ನು ಮೊದಲು ಖರ್ಚಿನಲ್ಲಿ ಕಳೆದು, ಉಳಿದದ್ದಕ್ಕೆ 30 ಶೇಕಡ ಹಾಕಬೇಕು. ನೀವು ಗ್ರಿಡ್‌ಗೆ ಮಾರಿದ ಕರೆಂಟಿಗೆ ಬರುವ ಹಣವನ್ನು ಹಾಗೆ ಕಳೆಯಬೇಕಿಲ್ಲ. ಬ್ಯಾಟರಿ 3 ಕಿಲೋವ್ಯಾಟ್ ಅವರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ರೈನ್ ತೀರ

ನಾನು ಜರ್ಮನಿಯಿಂದ. ಇದನ್ನೆಲ್ಲ ಓದಿ ನಮ್ಮದೇ ವಾಸಿ ಅನ್ನಿಸುತ್ತಿದೆ. ಇಲ್ಲಿ 2023ರ ಜನವರಿ 1ರಿಂದ ಮನೆಯ ಸೋಲಾರ್ ಮೇಲಿನ ಮಾರಾಟ ತೆರಿಗೆ 19 ಶೇಕಡದಿಂದ ಸೀದಾ 0ಗೆ ಇಳಿಯಿತು. ಬ್ಯಾಟರಿಗೂ ಅಷ್ಟೇ. ಫಾರ್ಮ್ ಇಲ್ಲ, ಕಾಯುವುದಿಲ್ಲ. ಬಿಲ್‌ನಲ್ಲೇ ತೆರಿಗೆ ಜಾಗದಲ್ಲಿ ಸೊನ್ನೆ. ಬಡವ, ಶ್ರೀಮಂತ, ನಿವೃತ್ತ, ಎಲ್ಲರಿಗೂ ಒಂದೇ ಸೊನ್ನೆ.

ಮೊದಲು ಹಾಗಿರಲಿಲ್ಲ. ಆ 19ನ್ನು ವಾಪಸ್ ಪಡೆಯಬೇಕಾದರೆ ಮನೆ ಮಾಲೀಕನೇ ತಾನೊಬ್ಬ ವ್ಯಾಪಾರಿ ಅಂತ ತೆರಿಗೆ ಕಚೇರಿಯಲ್ಲಿ ಹೆಸರು ಬರೆಸಬೇಕಿತ್ತು. ನನ್ನ ಪಕ್ಕದ ಮನೆಯವರು ಮಾಡಿದ್ದರು. ಸ್ಕೂಲ್ ಮೇಷ್ಟ್ರು, ತಮ್ಮ ಮನೆಯ ಚಾವಣಿಗೋಸ್ಕರ ವರ್ಷಗಟ್ಟಲೆ ವ್ಯಾಪಾರಿಗಳ ತೆರಿಗೆ ಪತ್ರ ತುಂಬಿದರು. 30 ಕಿಲೋವ್ಯಾಟ್‌ವರೆಗಿನ ಮನೆಯ ಸೋಲಾರ್‌ನಿಂದ ಬರುವ ಆದಾಯಕ್ಕೂ ಈಗ ಆದಾಯ ತೆರಿಗೆ ಇಲ್ಲ.

ಮೋಡ ಮುಸುಕು

ಬ್ರಿಟನ್‌ನಲ್ಲೂ ಹಾಗೇ. 2022ರ ಏಪ್ರಿಲ್ 1ರಿಂದ ಮನೆಗೆ ಹಾಕಿಸುವ ಸೋಲಾರ್‌ಗೆ ವ್ಯಾಟ್ ಸೊನ್ನೆ. ಆದರೆ ಅದಕ್ಕೂ ಕೊನೆ ದಿನ ಇದೆ. 2027ರ ಮಾರ್ಚ್ 31. ಆಮೇಲೆ 5 ಶೇಕಡ.

ಬಿಲ್‌ನಲ್ಲೇ ಕಡಿತ ಆಗುವುದರಲ್ಲಿ ಒಂದು ಕಿರಿಕಿರಿ ಅಂದರೆ, ಆ ಲಾಭ ನಿಮಗೆ ಬಂತೋ ಮಾರುವವರ ಜೇಬಿಗೆ ಹೋಯಿತೋ ಕಾಣಲ್ಲ. ತೆರಿಗೆ ಇಳಿದಷ್ಟೇ ಅವರು ರೇಟು ಏರಿಸಿದ್ದರೆ ನಿಮಗೆ ಗೊತ್ತಾಗುವುದು ಹೇಗೆ? ನಾಲ್ಕು ಕಡೆ ಕೊಟೇಶನ್ ತರಿಸಿದರೆ ಮಾತ್ರ.

ಬಾಡಿಗೆದಾರ

ಕೋಪ ಮಾಡ್ಕೋಬೇಡಿ, ಒಂದು ಪ್ರಶ್ನೆ. ನನಗೆ ಮನೆಯಿಲ್ಲ, ಚಾವಣಿಯೂ ಇಲ್ಲ. ತೆರಿಗೆ ಮಾತ್ರ ತಪ್ಪದೆ ಕಟ್ಟುತ್ತೇನೆ. ಸ್ವಂತ ಮನೆ ಇರುವವರ ಚಾವಣಿಗೆ ನಾನ್ಯಾಕೆ ದುಡ್ಡು ಕೊಡಬೇಕು?

ರೈನ್ ತೀರ

ನ್ಯಾಯವಾದ ಪ್ರಶ್ನೆ. ಸಾಮಾನ್ಯವಾಗಿ ಕೊಡುವ ಉತ್ತರ ಏನೆಂದರೆ, ಮೊದಲು ಕೊಂಡವರಿಗೆ ಆಸರೆ ಕೊಟ್ಟರೆ ತಯಾರಿಕೆ ಹೆಚ್ಚುತ್ತದೆ, ಬೆಲೆ ಇಳಿಯುತ್ತದೆ, ಕೊನೆಗೆ ಎಲ್ಲರಿಗೂ ಎಟುಕುತ್ತದೆ. ಪ್ಯಾನೆಲ್ ವಿಷಯದಲ್ಲಿ ಅದು ನಡೆದಿದೆ ಕೂಡ. ಇಲ್ಲಿ ಈಗ ಬಾಡಿಗೆ ಮನೆಯವರೂ ಬಾಲ್ಕನಿ ಕಂಬಿಗೆ ಒಂದೆರಡು ಪ್ಯಾನೆಲ್ ಕಟ್ಟಿ ಪ್ಲಗ್ ಚುಚ್ಚುತ್ತಾರೆ, ಅದಕ್ಕೂ ಸೊನ್ನೆ ತೆರಿಗೆ. ಆದರೆ ಸೋಲಾರ್ ಹಂಚಿಗೆ ಇದೇ ವಾದ ಹೇಳೋಕೆ ನನಗೂ ಬಾಯಿ ಬರಲ್ಲ. ಅದು ಇನ್ನೂ ದುಡ್ಡಿರುವವರ ವಸ್ತುವೇ.

ಹಳೇ ಕಡತ

ಸ್ವಲ್ಪ ಹಿಂದಿನ ಕಥೆ ಹೇಳಲಾ? ಅಮೆರಿಕದಲ್ಲಿ ಈ ಕ್ರೆಡಿಟ್ ಹುಟ್ಟಿದ್ದು 1978ರಲ್ಲಿ, ತೈಲದ ಬಿಕ್ಕಟ್ಟಿನ ಕಾಲ. ಮರುವರ್ಷ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಚಾವಣಿ ಮೇಲೆಯೇ ನೀರು ಕಾಯಿಸುವ 32 ಸೋಲಾರ್ ಫಲಕ ಹಾಕಿಸಿದರು. 1980ರಲ್ಲಿ ಕ್ರೆಡಿಟ್ಟನ್ನು 40 ಶೇಕಡಕ್ಕೆ ಏರಿಸಿದರು. ಬೀದಿ ಬೀದಿಯಲ್ಲಿ ಸೋಲಾರ್ ಹೀಟರ್ ಕಂಪನಿಗಳು ಎದ್ದವು. 1985ರ ಕೊನೆಗೆ ಕ್ರೆಡಿಟ್ ಮುಗಿಯಿತು. ಬಹಳ ಕಂಪನಿಗಳು ಬಾಗಿಲು ಹಾಕಿದವು. ಗ್ಯಾರಂಟಿ ಕಾರ್ಡ್ ಹಿಡಿದುಕೊಂಡವರಿಗೆ ರಿಪೇರಿಗೆ ದಿಕ್ಕಿರಲಿಲ್ಲ. 1986ರಲ್ಲಿ ರೇಗನ್ ಕಾಲದಲ್ಲಿ ಶ್ವೇತಭವನದ ಚಾವಣಿ ರಿಪೇರಿಗೆ ಅಂತ ಆ ಫಲಕ ಇಳಿಸಿದರು, ಮತ್ತೆ ಹತ್ತಿಸಲಿಲ್ಲ.

ಮನೆಗಳಿಗೆ ಕ್ರೆಡಿಟ್ ಮತ್ತೆ ಬಂದಿದ್ದು 2005ರ ಕಾನೂನಿನಲ್ಲಿ, 30 ಶೇಕಡ, 2,000 ಡಾಲರ್ ಮಿತಿ. 2009ರಿಂದ ಆ ಮಿತಿಯೂ ಹೋಯಿತು.

ತೀರ ಉದಾರವಾದರೂ ಕಷ್ಟ. ಇಟಲಿಯವರು 2020ರಲ್ಲಿ ಮನೆ ದುರಸ್ತಿಗೆ 110 ಶೇಕಡ ಕ್ರೆಡಿಟ್ ಕೊಟ್ಟರು. ಕೆಲವು ಷರತ್ತಿನ ಮೇಲೆ ಸೋಲಾರ್ ಕೂಡ ಅದರಲ್ಲಿ ಸೇರುತ್ತಿತ್ತು. ಖರ್ಚು 100 ಆದರೆ 110 ವಾಪಸ್! ಬ್ಯಾಂಕಿಗೆ ಆ ಕ್ರೆಡಿಟ್ ಮಾರಲೂಬಹುದಿತ್ತು. ಇನ್ನು ಚೌಕಾಸಿ ಮಾಡುವವರು ಯಾರು? ಬೊಕ್ಕಸಕ್ಕೆ ಬಿದ್ದ ಹೊರೆ ನೂರು ಬಿಲಿಯನ್ ಯೂರೋ ದಾಟಿತು. ಆಮೇಲೆ ವರ್ಷ ವರ್ಷ ಇಳಿಸುತ್ತಾ ಬಂದರು.

ಲೆಕ್ಕಿಗ

ಭಾರತದ ಬಗ್ಗೆ ಇಬ್ಬರು ಬೇರೆಯಾಗಿ ಸಂದೇಶ ಕಳಿಸಿ ಕೇಳಿದ್ದಾರೆ. ಅಲ್ಲಿ ವಾಸದ ಮನೆಯ ಸೋಲಾರ್‌ಗೆ ಆದಾಯ ತೆರಿಗೆಯಲ್ಲಿ ಪ್ರತ್ಯೇಕ ಕಡಿತ ಇಲ್ಲ. ಇರುವುದು ನೇರ ಸಬ್ಸಿಡಿ, 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯದ್ದು. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. 40 ಶೇಕಡ ಸವಕಳಿ (ಸಾಮಾನು ಸವೆಯುವ ಲೆಕ್ಕದಲ್ಲಿ ಆದಾಯದಿಂದ ಕಳೆಯುವುದು) ಅಂತ ಕೇಳಿದ್ದರೆ ಅದು ವ್ಯಾಪಾರಕ್ಕೆ, ಮನೆಗಲ್ಲ.

ಮಾಳಿಗೆಮನೆ

ಕಂಪನಿಯಿಂದ ಬಿಡಿ ಲೆಕ್ಕ ಬಂತು. ಮೂರು ಸಲ ಬರೆದ ಮೇಲೆ. ಒಟ್ಟು 100ರ ಲೆಕ್ಕದಲ್ಲಿ ಹೇಳುತ್ತೇನೆ. ಸೆಲ್ ಇರುವ ಹಂಚು, ತಂತಿ, ಅದರ ಕೂಲಿ 46. ಇನ್ವರ್ಟರ್, ಬ್ಯಾಟರಿ 14. ಸಾದಾ ಹಂಚು 22. ಹಳೆಯದನ್ನು ಕಿತ್ತು, ಹಲಗೆ ಸರಿ ಮಾಡಿ, ಹಾಸು ಹಾಕಿದ್ದು 18.

ಅಂದರೆ ಕ್ರೆಡಿಟ್‌ಗೆ ಬರುವುದು 60. ಅದರ 30 ಶೇಕಡ ಅಂದರೆ 18. ನಾವು ನಂಬಿದ್ದು 30. ಹನ್ನೆರಡು ಎಲ್ಲಿಂದ ತರೋದು ಅಂತ ಮನೆಯಲ್ಲಿ ರಾತ್ರಿ ಎಲ್ಲ ಅದೇ ಮಾತು. ಇರಲಿ, 18 ಆದರೂ ಬಂತಲ್ಲ.

ಇನ್ವರ್ಟರ್ ಅಣ್ಣ

ಈ ಲೆಕ್ಕ ನ್ಯಾಯವಾಗೇ ಇದೆ. ಕೆಲವರು ಸೆಲ್ ಹಂಚಿನ ಬೆಲೆ ಬೇಕೆಂದೇ ಉಬ್ಬಿಸಿ ಬರೆದುಕೊಡ್ತಾರೆ, ಗಿರಾಕಿ ಖುಷಿಯಾಗಲಿ ಅಂತ. ತೆರಿಗೆ ಇಲಾಖೆ ಕೇಳಿದಾಗ ಉತ್ತರ ಹೇಳಬೇಕಾದವರು ನೀವು, ಅವರಲ್ಲ.

ಒಂದು ಸಣ್ಣ ವಿಷಯ. ಕೆಲಸ ಮುಗಿದಿದ್ದು ಯಾವಾಗ?

ಮಾಳಿಗೆಮನೆ

ಒಪ್ಪಂದ 2025ರ ಸೆಪ್ಟೆಂಬರ್. ನವೆಂಬರ್‌ನಲ್ಲಿ ಸಾಲದ ಪೂರ್ತಿ ಹಣ ಕಂಪನಿಗೆ ಹೋಯಿತು. ಡಿಸೆಂಬರ್ ಎರಡನೇ ವಾರ ಕೆಲಸ ಶುರು. ಮಧ್ಯೆ ಹಿಮ ಬಿದ್ದು ನಿಂತಿತ್ತು. ಇನ್ವರ್ಟರ್ ಕೂರಿಸಿದ್ದು ಜನವರಿ 9. ದುಡ್ಡು ಪೂರ್ತಿ ಕೊಟ್ಟಿದ್ದು 2025ರಲ್ಲೇ, ರಸೀದಿ ಇದೆ. ಏನೂ ತೊಂದರೆ ಇಲ್ಲ ಅಲ್ವಾ?

ಇನ್ವರ್ಟರ್ ಅಣ್ಣ

ಲೆಕ್ಕಿಗ ಅವರೇ, ಇದನ್ನು ನೀವೇ ಹೇಳಿ. ನನ್ನ ಬಾಯಲ್ಲಿ ಬೇಡ.

ಲೆಕ್ಕಿಗ

ಮಾಳಿಗೆಮನೆ ಅವರೇ, ಇದನ್ನು ನಾನು ಮೊದಲೇ ಕೇಳಬೇಕಿತ್ತು. ತಪ್ಪು ನನ್ನದು. ಹಂಚಿನ ಲೆಕ್ಕದಲ್ಲಿ ಮುಳುಗಿ ದಿನಾಂಕ ಮರೆತೆ.

2022ರ ಕಾನೂನಿನಲ್ಲಿ 30 ಶೇಕಡ ಕ್ರೆಡಿಟ್ 2032ರವರೆಗೆ ಅಂತಿತ್ತು. 2025ರ ಜುಲೈ 4ರಂದು ಸಹಿ ಬಿದ್ದ ಹೊಸ ಕಾನೂನು ಅದನ್ನು 2025ರ ಡಿಸೆಂಬರ್ 31ಕ್ಕೇ ನಿಲ್ಲಿಸಿತು. ಆ ದಿನದೊಳಗೆ ಮಾಡಿದ ಖರ್ಚಿಗೆ ಮಾತ್ರ ಕ್ರೆಡಿಟ್. ಖರ್ಚು ಮಾಡಿದ ದಿನ ಅಂದರೆ ದುಡ್ಡು ಕೊಟ್ಟ ದಿನ ಅಲ್ಲ. ಹಾಕುವ ಕೆಲಸ ಪೂರ್ತಿ ಮುಗಿದ ದಿನ. ಮುಂಗಡ ಕೊಟ್ಟು ಕೆಲಸ ಆಮೇಲೆ ಮುಗಿದರೆ ಬರಲ್ಲ ಅಂತ ತೆರಿಗೆ ಇಲಾಖೆ ತನ್ನ ಪ್ರಶ್ನೋತ್ತರದಲ್ಲೂ ಹೇಳಿದೆ.

ಡಿಸೆಂಬರ್ 31ಕ್ಕೆ ಹಂಚಾದರೂ ಪೂರ್ತಿ ಹಾಸಿತ್ತಾ?

ಮಾಳಿಗೆಮನೆ

ಇಲ್ಲ. ಜನವರಿ 3ರಂದು ಮಗಳು ಅಂಗಳದಲ್ಲಿ ಹಿಮದ ಗೊಂಬೆ ಮಾಡಿದ ಫೋಟೋ ಇದೆ. ಹಿಂದೆ ಚಾವಣಿಯ ಒಂದು ಪಕ್ಕ ಪೂರ್ತಿ ನೀಲಿ ಟಾರ್ಪಾಲು. ಅದರ ಮೇಲೆ ಒಂದು ಏಣಿ ಮಲಗಿಸಿದೆ.

ಅಂದರೆ ಸೊನ್ನೆಯಾ?

ಲೆಕ್ಕಿಗ

ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕ್ರೆಡಿಟ್ ಮಟ್ಟಿಗೆ ಸೊನ್ನೆ. ಈ ಕ್ರೆಡಿಟ್ ಕೇಳುವ ಫಾರ್ಮ್ 5695ರಲ್ಲಿ ಡಿಸೆಂಬರ್ ಅಂತ ಬರೆಯಿರಿ, ಯಾರು ನೋಡ್ತಾರೆ ಅಂತ ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಸ್ಥಳೀಯ ತಪಾಸಣೆಯ ಪತ್ರದಲ್ಲಿ ದಿನಾಂಕ ಇರುತ್ತದೆ.

ಬಿಸಿಲುಗುದುರೆ

ನಾನು ಎಲ್ಲದಕ್ಕೂ ಕಟಕಿ ಆಡುವವನು, ಇದಕ್ಕೆ ಆಡಲಾರೆ. ಬೇಜಾರಾಯಿತು. ಆದರೆ ಇನ್ನೊಂದು ಕೆಟ್ಟ ಸುದ್ದಿ ಇರಬಹುದು, ನೋಡಿಕೊಳ್ಳಿ. ಕಂತನ್ನು 70ರ ಮೇಲೆ ತೋರಿಸಿದ್ದರು ಅಂದಿರಲ್ಲ, ಸಾಲದ ಪತ್ರದಲ್ಲಿ 18ನೇ ತಿಂಗಳು ಅಂತ ಏನಾದರೂ ಇದೆಯಾ? ಇಂಥ ಸಾಲ ಬಹಳ ಮಾರಿದ್ದಾರೆ. ಸಾಲ ಪೂರ್ತಿ 100ಕ್ಕೇ ಇರುತ್ತದೆ. ಮೊದಲ 18 ತಿಂಗಳು ಕಂತು ಕಡಿಮೆ. ಅಷ್ಟರಲ್ಲಿ ನೀವು ಆ 30 ಕಟ್ಟಿಬಿಡುತ್ತೀರಿ ಅನ್ನೋದು ಅವರ ಊಹೆ. ಕಟ್ಟದಿದ್ದರೆ ಕಂತು ತಾನಾಗಿಯೇ ಏರುತ್ತದೆ.

ಮಾಳಿಗೆಮನೆ

ಇದೆ. ಏಳನೇ ಪುಟ. ಅದೇ 18.

ಒಪ್ಪಂದವನ್ನೂ ತೆಗೆದು ಓದಿದೆ. "ಕೆಲಸ ಮುಗಿಯುವ ದಿನಾಂಕ ಅಂದಾಜು ಮಾತ್ರ." ಅದರ ಕೆಳಗೆ "ತೆರಿಗೆ ಲಾಭಕ್ಕೆ ಕಂಪನಿ ಹೊಣೆಯಲ್ಲ." ಎರಡರ ಪಕ್ಕದಲ್ಲೂ ನನ್ನ ಸಹಿಯ ಗುರುತು ಇದೆ. ಟ್ಯಾಬ್ ಮೇಲೆ ಬೆರಳಲ್ಲಿ ಗೀಚಿದ್ದು.

ಹಳೇ ಕಡತ

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ನಾನೂ 1985ರ ಕಥೆ ಹೇಳುತ್ತಾ ಕೂತೆ. ಕ್ಷಮಿಸಿ.

ಲೆಕ್ಕಿಗ

ಪೂರ್ತಿ ಕೈ ಚೆಲ್ಲಬೇಡಿ. ಮೂರು ಕಡೆ ನೋಡಿ.

ಒಂದು, ಮಾರುವಾಗ ಕಳಿಸಿದ ಮೇಲ್, ಮೆಸೇಜ್. "ಡಿಸೆಂಬರ್ ಒಳಗೆ ಮುಗಿಸಿಕೊಡುತ್ತೇವೆ, ಕ್ರೆಡಿಟ್ ಸಿಗುತ್ತೆ" ಅಂತ ಬರಹದಲ್ಲಿ ಇದ್ದರೆ ವಕೀಲರಿಗೆ ತೋರಿಸಿ. ಒಪ್ಪಂದದ ಸಾಲು ಅವರ ಕಡೆ ಇದೆ, ನಿಜ, ಆದರೂ ಹಣ ಕಡಿಮೆ ಮಾಡಿಕೊಳ್ಳುವ ಮಾತುಕತೆಗೆ ಅದು ಬಲ ಕೊಡುತ್ತದೆ. ಇಂಥ ಸಂದರ್ಭದಲ್ಲಿ ಫೋನ್ ಬೇಡ, ಎಲ್ಲ ಬರಹದಲ್ಲೇ ಇರಲಿ.

ಎರಡು, ನಿಮ್ಮ ರಾಜ್ಯದ ಕ್ರೆಡಿಟ್. ಫೆಡರಲ್ ನಿಂತರೆ ರಾಜ್ಯದ್ದೂ ನಿಂತಿತು ಅಂತಲ್ಲ. ನ್ಯೂಯಾರ್ಕ್‌ನಲ್ಲಿ ರಾಜ್ಯದ ಆದಾಯ ತೆರಿಗೆಯಲ್ಲಿ 25 ಶೇಕಡ, 5,000 ಡಾಲರ್ ಮಿತಿಯೊಳಗೆ. ಅರಿಜೋನಾದಲ್ಲಿ 25 ಶೇಕಡ, ಮಿತಿ 1,000. ಮ್ಯಾಸಚೂಸೆಟ್ಸ್‌ನಲ್ಲಿ 15 ಶೇಕಡ, ಮಿತಿ 1,000. ನಿಮ್ಮಲ್ಲಿ ಏನಿದೆ ಅಂತ ರಾಜ್ಯದ ತೆರಿಗೆ ಇಲಾಖೆಯ ಪುಟದಲ್ಲೇ ನೋಡಿ, ಮಾರುವವರ ಕರಪತ್ರದಲ್ಲಿ ಅಲ್ಲ.

ಮೂರು, ಆಸ್ತಿ ತೆರಿಗೆ. ಹೊಸ ಚಾವಣಿ, ಸೋಲಾರ್ ಎರಡರಿಂದಲೂ ಮನೆಯ ಬೆಲೆ ಏರುತ್ತದೆ. ಬಹಳ ರಾಜ್ಯಗಳಲ್ಲಿ ಸೋಲಾರ್‌ನಿಂದ ಏರಿದ ಬೆಲೆಯನ್ನು ಆಸ್ತಿ ತೆರಿಗೆಗೆ ಹಿಡಿಯುವುದಿಲ್ಲ. ಕೆಲವು ಕಡೆ ತಾನಾಗಿ ಸಿಗುತ್ತದೆ, ಕೆಲವು ಕಡೆ ಅರ್ಜಿ ಹಾಕಬೇಕು, ಅದಕ್ಕೂ ಗಡುವು ಇರುತ್ತದೆ. ಆ 46, 14ರ ಬಿಡಿ ಲೆಕ್ಕ ಇದ್ದರೆ ಅಲ್ಲೂ ಅನುಕೂಲ.

ಇನ್ವರ್ಟರ್ ಅಣ್ಣ

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಈ ವರ್ಷ ನಿಮ್ಮ ಬಾಗಿಲಿಗೆ ಬರುವವರು ಮಾರೋಕೆ ಬರಲ್ಲ, ಲೀಸ್‌ಗೆ, ಅಂದರೆ ಕಂತಿನ ಬಾಡಿಗೆಗೆ, ಕೊಡ್ತೀವಿ ಅಂತ ಬರ್ತಾರೆ. ಕಾರಣ ಇದೆ. ಮನೆ ಮಾಲೀಕನ ಕ್ರೆಡಿಟ್ ಹೋಯಿತು. ಲೀಸ್ ಕೊಡುವ ಕಂಪನಿಗೆ ಬೇರೆ ಸೆಕ್ಷನ್‌ನಲ್ಲಿ ಇನ್ನೂ ಸ್ವಲ್ಪ ಕಾಲ ಇದೆ. ನಿಮ್ಮ ಚಾವಣಿ, ಅವರ ಕ್ರೆಡಿಟ್. ಅದರಲ್ಲಿ ನಿಮಗೆಷ್ಟು ಪಾಲು ಬಿಟ್ಟುಕೊಡ್ತಾರೆ ಅನ್ನೋದು ಕಂತಿನಲ್ಲಿ ಕಾಣಬೇಕು. ಕಂತು ವರ್ಷಕ್ಕೆ ಎಷ್ಟು ಏರುತ್ತೆ, ಮನೆ ಮಾರಿದರೆ ಲೀಸ್ ಏನಾಗುತ್ತೆ, ಎರಡನ್ನೂ ಕೇಳಿ. ಹಂಚಿನ ಲೀಸ್ ಅಂತೂ ನಾನು ಮುಟ್ಟಲ್ಲ. ಚಾವಣಿಯನ್ನೇ ಬಾಡಿಗೆಗೆ ತಗೊಂಡು ಅದರ ಕೆಳಗೆ ಮಲಗೋದು ನನ್ನ ಕೈಲಾಗಲ್ಲ.

ಮಾಳಿಗೆಮನೆ

ಹತ್ತು ದಿನ ಆಯಿತು. ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಕಂಪನಿ ಮೊದಲು ಹವಾಮಾನದ ಮೇಲೆ ಹಾಕಿತು. ಹಳೆಯ ಮೇಲ್ ಹುಡುಕಿದಾಗ ಅಕ್ಟೋಬರ್‌ನದ್ದೊಂದು ಸಿಕ್ಕಿತು. "ವರ್ಷದೊಳಗೆ ಮುಗಿಸುವುದರಿಂದ ನಿಮ್ಮ ಕ್ರೆಡಿಟ್‌ಗೆ ಚಿಂತೆ ಬೇಡ" ಅಂತ ಸ್ಪಷ್ಟವಾಗಿ ಇದೆ. ಅದನ್ನು ಕಳಿಸಿದ ಮೇಲೆ ದನಿ ಬದಲಾಗಿದೆ. ಬ್ಯಾಟರಿಯ ದುಡ್ಡು ಬಿಡುವ ಮಾತಾಡುತ್ತಿದ್ದಾರೆ. ಬರಹದಲ್ಲಿ ಕೊಡಿ ಅಂದಿದ್ದೇನೆ, ಇನ್ನೂ ಬಂದಿಲ್ಲ. ಸಾಲದವರು ಮಾತ್ರ ಜಗ್ಗಿಲ್ಲ. 18ನೇ ತಿಂಗಳು ಕಂತು ಏರಿಯೇ ಏರುತ್ತದೆ.

ನಮ್ಮ ರಾಜ್ಯದಲ್ಲಿ ಕ್ರೆಡಿಟ್ ಇಲ್ಲ, ಆಸ್ತಿ ತೆರಿಗೆಯ ವಿನಾಯಿತಿ ಇದೆ. ಇವತ್ತು ಅರ್ಜಿ ತಂದೆ. ಎರಡೇ ಪುಟ. ಮೊದಲ ಪ್ರಶ್ನೆಯೇ "ಕೆಲಸ ಮುಗಿದ ದಿನಾಂಕ". ಕೌಂಟರ್‌ನಲ್ಲಿದ್ದ ಮೇಡಂಗೆ ಜನವರಿ ಆದರೆ ಪರವಾಗಿಲ್ವಾ ಅಂತ ಎರಡು ಸಲ ಕೇಳಿದೆ. ಅವರು ನನ್ನ ಮುಖ ನೋಡಿ "ಪರವಾಗಿಲ್ಲ, ಬರೆಯಿರಿ" ಅಂದರು. ಜನವರಿ 9 ಅಂತ ಬರೆದೆ.

ಇನ್ವರ್ಟರ್ ಅಣ್ಣ

ಬ್ಯಾಟರಿ ಬಿಡ್ತಾರೆ ಅಂದರೆ ಮಾಡೆಲ್ ಹೆಸರು, ವಾರಂಟಿ ವರ್ಷ ಎರಡನ್ನೂ ಆ ಪತ್ರದಲ್ಲಿ ಬರೆಸಿಕೊಳ್ಳಿ. ಮತ್ತೆ ಆ ಹಿಮದ ಗೊಂಬೆ ಫೋಟೋ ಅಳಿಸಬೇಡಿ, ವಕೀಲರಿಗೆ ಬೇಕಾಗುತ್ತದೆ.